ಬಾರ್ ಉದ್ದ ಮಾಡ್ದೆ, ಸೈಲೆನ್ಸರ್ ತೂತು ಮಾಡಿಸ್ದೆ, ಪಿಸ್ಟನ್ ಹೋಯ್ತು!

ಹದಿನಾರಿನ ನಮ್ಮ ಜಮೀನಿನ ಬದುವಿನಲ್ಲಿ ಹಳೇ ಹುಣಸೆ ಮರ ಗಾಳಿಗೆ ಉರುಳಿತ್ತು. ಬುಡ ಎರಡೂವರೆ ಅಡಿ ದಪ್ಪ. ನನ್ನದು 58 ಸಿಸಿ ಚೈನ್ ಸಾ, 18 ಇಂಚಿನ ಬಾರ್. ಸಾಲಲ್ಲ ಅಂತ 24 ಇಂಚಿನದು ಹಾಕಿಸಿದೆ. ಹುಣಸೆ ಗಟ್ಟಿ ಮರ, ಮೆಷಿನ್ ಎಳೀಲಿಲ್ಲ. "ಸೈಲೆನ್ಸರ್‌ಗೆ ಎರಡು ತೂತು ಹೊಡೀತೀನಿ ಕಣಣ್ಣ, ಹೆಂಗ್ ಎಳೀತದೆ ನೋಡು" ಅಂದ ಒಬ್ಬ ಮೆಕ್ಯಾನಿಕ್. ಎಳೀತು ನಿಜ. ಅರ್ಧ ಗಂಟೆಗೆ ಪಿಸ್ಟನ್ ಕಚ್ಚಿಕೊಂಡಿತು.

ಯಾಕೆ ಹೀಗಾಯ್ತು?

ಸೈಲೆನ್ಸರ್ ತೆರೆದರೆ ಇಂಜಿನ್ ಹೆಚ್ಚು ಗಾಳಿ ಎಳೆಯುತ್ತೆ. ಕಾರ್ಬುರೇಟರ್ ಹೊಂದಿಸದಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಅದೂ ಕಡಿಮೆ ಬೀಳುತ್ತೆ. ಕಿಡಿ ತಡೆಯೋ ಜಾಲರಿ ಕಿತ್ತರೆ ಒಣಗಿದ ಕಬ್ಬಿನ ತರಗಿಗೆ ಬೆಂಕಿ ಬೀಳೋ ಭಯ ಬೇರೆ. ವಾರಂಟಿಯೂ ಇರಲ್ಲ.

ಗಟ್ಟಿ ಮರಕ್ಕೆ ಬಾರ್ ಅಂದಾಜು:

• 45–50 ಸಿಸಿ: 16–18 ಇಂಚು
• 58–60 ಸಿಸಿ: 18–20 ಇಂಚು
• 70 ಸಿಸಿ: 20–25 ಇಂಚು
• 90 ಸಿಸಿ: 30 ಇಂಚಿನವರೆಗೂ

ನಿಮ್ಮ ಮೆಷಿನ್ ಪುಸ್ತಕದಲ್ಲಿ ಬರೆದ ಗರಿಷ್ಠ ಅಳತೆ ಮೀರಬೇಡಿ.

ಮರ ದಪ್ಪ ಇದ್ರೆ ಎರಡೂ ಕಡೆಯಿಂದ ಕೊಯ್ಯಿರಿ. ಬಾರ್ ಬದಲಿಸೋ ಮುಂಚೆ ಪುಡಿ ನೋಡಿ: ಚಕ್ಕೆ ಚಕ್ಕೆಯಾಗಿ ಬಿದ್ರೆ ಚೈನ್ ಹರಿತ ಇದೆ, ಹಿಟ್ಟಿನಂತೆ ಬಿದ್ರೆ ಮೊಂಡಾಗಿದೆ. ಆಗ ಬೇಕಾದ್ದು ದುಂಡು ಅರ, ಡ್ರಿಲ್ ಅಲ್ಲ.

ಹೊಸ ಪಿಸ್ಟನ್, ಹೊಸ ಸೈಲೆನ್ಸರ್ ಹಾಕಿಸಿ, ಚೈನ್‌ಗೆ ಅರ ಹಾಕಿ, ಅದೇ ಹಳೇ 18 ಇಂಚಿನ ಬಾರ್‌ನಲ್ಲೇ ಆ ಹುಣಸೆ ಮುಗಿಸಿದೆ.