ಎಮ್ಮೆ ಏಳದಿದ್ದಾಗ

ಬುಧಗಾಂವದ ಕಡೆ ಎಮ್ಮೆ ಕಟ್ಟಿದ ಮನೆಯ ಮಕ್ಕಳೇ, ಈದ ಎರಡನೇ ದಿನ ಎಮ್ಮೆ ನೆಲ ಹಿಡಿದು, ಕುತ್ತಿಗೆ ಪಕ್ಕೆಗೆ ತಿರುಗಿಸಿ ಕೂತದ್ದನ್ನು ನೋಡಿದ್ದೀರಾ? ಬಹಳ ಸಲ ಅದು ಹಾಲುಜ್ವರ. ಹೆಸರಷ್ಟೇ ಜ್ವರ, ಮೈ ತಣ್ಣಗೆ! ರಕ್ತದ ಕ್ಯಾಲ್ಸಿಯಂ ಹಾಲಿಗೆ ಹರಿದು ಸ್ನಾಯುಗಳು ಸೋತಿರುತ್ತವೆ.

ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಎಷ್ಟೋ ಎಮ್ಮೆಗಳು ಎದ್ದು ನಿಲ್ಲುತ್ತವೆ. ಹಾಗಂತ ಯಾರು ಬೇಕಾದರೂ ಏರಿಸುವಂತಿಲ್ಲ; ರಭಸವಾಗಿ ಹೋದರೆ ಹೃದಯವೇ ನಿಂತೀತು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮು ಚಿಕಿತ್ಸೆಯನ್ನು ನೋಂದಾಯಿತ ಪಶುವೈದ್ಯರಿಗೇ ಬಿಟ್ಟಿದೆ. ರಾಜ್ಯ ಸರ್ಕಾರ ಅನುಮತಿಸಿದರೆ ಡಿಪ್ಲೊಮಾದವರು ಅವರ ಕೈಕೆಳಗೆ ಲಸಿಕೆ, ಗಾಯಕ್ಕೆ ಪಟ್ಟಿಯಂಥ ಸಣ್ಣ ಸೇವೆ ಮಾಡಬಹುದು. ಕಾಯ್ದೆ ಸರಿಯೇ. ಆದರೆ ಹಳ್ಳಿಯಲ್ಲಿ ಡಾಕ್ಟರಿಗಿಂತ ಮೊದಲು ಬರುವವನು ಬರೆ ಹಾಕುವವನು! ಬರೆಯಿಂದ ಕ್ಯಾಲ್ಸಿಯಂ ಏರುವುದಿಲ್ಲ, ಸುಟ್ಟ ಗಾಯವೊಂದು ಹೆಚ್ಚಾಗುತ್ತದೆ.

ಮೊದಲು 1962ಕ್ಕೆ ಫೋನ್ ಮಾಡಿಸಿ. ಸಂಚಾರಿ ಪಶುಚಿಕಿತ್ಸಾ ವಾಹನದ ನಂಬರು, ಕರೆ ಪುಕ್ಕಟೆ. ಕಾಯುವ ಹೊತ್ತಿನಲ್ಲೇ ಅರ್ಧ ಕೆಲಸವಿದೆ. ನಾಲ್ಕೈದು ಕ್ವಿಂಟಲ್ ಭಾರ ಒಂದೇ ತೊಡೆಯ ಮೇಲೆ ಬಿದ್ದರೆ ರಕ್ತದ ಓಡಾಟ ತಗ್ಗಿ ಸ್ನಾಯು, ನರ ಕೆಡುತ್ತವೆ. ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ಎಮ್ಮೆ ಏಳದು. ಆದ್ದರಿಂದ ಕಬ್ಬಿನ ರವದಿ ದಪ್ಪಗೆ ಹಾಸಿ, ದೊಡ್ಡವರ ಕೈಯಿಂದ ಎರಡು-ಮೂರು ತಾಸಿಗೊಮ್ಮೆ ಮಗ್ಗಲು ಬದಲಿಸಿಸಿ, ಕಾಲು ತಿಕ್ಕಿಸಿ. ಮನುಷ್ಯರಿಗೆ ಲಕ್ವಾ ಹೊಡೆದಾಗ ಫಿಜಿಯೋಥೆರಪಿಯವರು ಮಾಡುವುದೂ ಇಂಥದ್ದೇ. ಅಡ್ಡ ಬಿದ್ದರೆ ಹೊಟ್ಟೆ ಉಬ್ಬುತ್ತದೆ. ಎದೆಯ ಮೇಲೆ ಕೂಡಿಸಿ ಪಕ್ಕಕ್ಕೆ ಮೂಟೆ ಆನಿಸಬೇಕು. ಗೊಟ್ಟದಿಂದ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಈದದ್ದು ಯಾವಾಗ, ಕೂತದ್ದು ಎಷ್ಟು ಗಂಟೆಗೆ ಎಂದು ವಹಿಯಲ್ಲಿ ಬರೆದಿಡಿ. ಡಾಕ್ಟರು ಬಂದೊಡನೆ ಕೇಳುವುದು ಅದನ್ನೇ.