ದೋಹಾದಲ್ಲಿ ಕೂತು ಆಟ ಬರೆಸುವವರು

ದೋಹಾದ ಸಿ ರಿಂಗ್ ರಸ್ತೆಗೂ ಡಿ ರಿಂಗ್ ರಸ್ತೆಗೂ ನಡುವೆ ಅಲ್ ಹಿಲಾಲ್. ನವೆಂಬರ್ ಬಂತೆಂದರೆ ಇಲ್ಲಿಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಬೇಸಿಗೆಯಿಡೀ ಗುಂಯ್‌ಗುಟ್ಟಿದ ಏಸಿಗಳಿಗೆ ರಾತ್ರಿ ಹೊತ್ತು ಬಿಡುವು. ಮರಳಿನ ಬಣ್ಣದ ವಿಲ್ಲಾಗಳ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಹೊರಬರುತ್ತವೆ, ಮೂಲೆಯ ಅಂಗಡಿಯಿಂದ ಏಲಕ್ಕಿ ಹಾಕಿ ಕುದಿಸಿದ ಕರಕ್ ಚಹಾ ಕಾಗದದ ಲೋಟಗಳಲ್ಲಿ ಬರುತ್ತದೆ. ಭಾರತದ ರಾಯಭಾರ ಕಚೇರಿ ಹಿಂದೆ ಇದೇ ಬಡಾವಣೆಯಲ್ಲಿತ್ತು. ಪಾಸ್‌ಪೋರ್ಟ್ ಕೆಲಸಕ್ಕೆ ಬಂದವರು ಪರಿಚಯದವರ ಮನೆ ಹೊಕ್ಕು ಊರ ಸುದ್ದಿ ಕೊಟ್ಟು ಹೋಗುತ್ತಿದ್ದರು. ಕಚೇರಿ ಬೇರೆ ಕಡೆ ಹೋಯಿತು, ಊರ ಸುದ್ದಿ ಬರುವುದು ನಿಲ್ಲಲಿಲ್ಲ.

ಗುರುವಾರದ ಸಂಜೆ. ನಾಳೆ ನಾಡಿದ್ದು ರಜೆ. ಎರಡನೆಯ ಮಹಡಿಯ ಒಂದು ಮನೆಯಲ್ಲಿ ಚಪ್ಪಲಿಗಳು ಬಾಗಿಲ ಹೊರಗೆ ರಾಶಿ ಬಿದ್ದಿವೆ. ಒಳಗೆ ಕಿನ್ನಿಗೋಳಿ ಕಡೆಯ ಶೆಟ್ರು, ಅವರ ಮನೆಯವರು, ಬ್ರಹ್ಮಾವರದ ಒಬ್ಬ ಲೆಕ್ಕಪತ್ರದವರು, ಉಪ್ಪಿನಂಗಡಿಯಿಂದ ಬಂದು ಇಲ್ಲೇ ತಲೆ ಬೆಳ್ಳಗಾದ, ಎಲ್ಲರಿಂದಲೂ ‘ಕಾಕ’ ಅನ್ನಿಸಿಕೊಳ್ಳುವ ಬ್ಯಾರಿ ಹಿರಿಯರು, ಹೋದ ವರ್ಷವಷ್ಟೇ ಬೆಂಗಳೂರಿನಿಂದ ಬಂದಿಳಿದ ಒಬ್ಬ ಇಂಜಿನಿಯರ್ ಹುಡುಗ, ಮತ್ತು ನಾನು. ಎಲ್ಲರ ಕಣ್ಣೂ ಶೆಟ್ರ ಫೋನಿನ ಮೇಲೆ.

“ಲಿಸ್ಟ್ ಬಂತಾ?”

“ಬಂತು. ನಿಲ್ಲಿ ಮಾರಾಯ್ರೆ, ದೊಡ್ಡದು ಮಾಡ್ತೇನೆ.”

ಬಂದದ್ದು ಈ ಸಲದ ತಿರುಗಾಟಕ್ಕೆ ಯಾವ ಮೇಳದಲ್ಲಿ ಯಾರು ಎಂಬ ಪಟ್ಟಿ. ಭಾಗವತರು, ಚೆಂಡೆ ಮದ್ದಳೆಯವರು, ಸ್ತ್ರೀವೇಷ, ಪುಂಡುವೇಷ, ಬಣ್ಣದ ವೇಷ, ಹಾಸ್ಯ. ಕರಾವಳಿಯ ಯಕ್ಷಗಾನಕ್ಕೆ ದೀಪಾವಳಿಯ ಆಸುಪಾಸಿನಿಂದ ಹೊಸ ವರ್ಷ. ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಬಿಚ್ಚಿಟ್ಟ ಗೆಜ್ಜೆ ಮಳೆಗಾಲ ಕಳೆದು ಮತ್ತೆ ಕಾಲಿಗೇರುವ ಹೊತ್ತು. ಮೊದಲು ದೇವಸ್ಥಾನದಲ್ಲೇ ಸೇವೆಯಾಟ, ಆಮೇಲೆ ಊರೂರು. ದೋಹಾದಲ್ಲಿ ಕೂತವರಿಗೂ ಈ ಪಟ್ಟಿ ಬಂದ ರಾತ್ರಿಯೇ ಸೀಸನ್ ಶುರು.

ಪ್ರತಿಕ್ರಿಯೆಗಳು ಹಾರಾಡಿದವು. ಆ ಭಾಗವತರನ್ನು ಈ ಮೇಳಕ್ಕೆ ಹಾಕಿದ್ದು ಯಾಕೆ ಎಂದು ಒಬ್ಬರು. ಅವರಿಗೆ ಸರಿಯಾದ ಚೆಂಡೆಯವರನ್ನು ಕೊಡದಿದ್ದರೆ ಪದ ಎತ್ತುವುದು ಹೇಗೆ ಎಂದು ಇನ್ನೊಬ್ಬರು. “ಬಣ್ಣದ ವೇಷ ಕಳೆದ ವರ್ಷದವರೇ. ಬಚಾವ್,” ಎಂದು ಶೆಟ್ರ ಮನೆಯವರು ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. ಬ್ರಹ್ಮಾವರದವರು ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಪಕ್ಷ. ತೆಂಕಿನವರ ಈ ಗಲಾಟೆಯನ್ನು ಮುಗುಳ್ನಗುತ್ತ ಕೇಳುತ್ತ, ಸಾಲಿಗ್ರಾಮ ಪೆರ್ಡೂರು ಮೇಳಗಳ ಹೊಸ ಪ್ರಸಂಗ ಏನಂತೆ ಎಂದು ತಮ್ಮ ಫೋನಿನಲ್ಲಿ ಹುಡುಕುತ್ತಿದ್ದರು. ಕಟೀಲು ಮೇಳದಲ್ಲಿ ಬಹುಕಾಲ ಹಾಡಿದ ಬಲಿಪ ನಾರಾಯಣ ಭಾಗವತರು ತೀರಿಕೊಂಡದ್ದು 2023ರ ಫೆಬ್ರವರಿಯಲ್ಲಿ. ಅವರು ಮೇಳ ಬಿಟ್ಟು ಅದಕ್ಕೂ ಎಷ್ಟೋ ವರ್ಷ ಆಗಿತ್ತು. ಆದರೂ ಕಟೀಲಿನ ಪಟ್ಟಿ ಓದುವಾಗ ಹಳಬರು ಆ ಹೆಸರನ್ನು ಎತ್ತದೆ ಮುಂದೆ ಹೋಗುವುದಿಲ್ಲ. ಅಂದೂ ಎತ್ತಿದರು. ಹೊಸಬರು ಪಾಪ, ಹಾಡುವ ಮುಂಚೆಯೇ ಸೋತರು.

ಬೆಂಗಳೂರಿನ ಹುಡುಗ ಇಷ್ಟು ಹೊತ್ತು ಸುಮ್ಮನಿದ್ದ. ರಂಗಶಂಕರದ ಖಾಯಂ ಪ್ರೇಕ್ಷಕ ಅವನು. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ಆ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಶಿಸ್ತಿನಲ್ಲೇ ಬೆಳೆದವನು. ಶಂಕರ್ ನಾಗ್ ಕಂಡ ಕನಸು, ಅರುಂಧತಿ ನಾಗ್ ಕಟ್ಟಿದ ಮನೆ ಎಂದು ಅಭಿಮಾನದಿಂದ ಹೇಳುತ್ತಾನೆ. ದೋಹಾಕ್ಕೆ ಬಂದ ಮೇಲೆ ಕತಾರಾದ ಒಪೆರಾ ಹೌಸ್‌ನಲ್ಲೂ ಸಾಲು ಸಂಖ್ಯೆ ಹುಡುಕಿ ಕೂತು ಬಂದಿದ್ದಾನೆ. ಕೇಳಿದ: “ಸರ್, ಟಿಕೆಟ್ ಎಷ್ಟು? ಆನ್‌ಲೈನ್‌ನಲ್ಲಿ ಸಿಗತ್ತಾ?”

ಕೋಣೆಯಲ್ಲಿ ಒಂದು ಗಳಿಗೆ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ.

“ಆಟಕ್ಕೆ ಟಿಕೆಟ್ ಎಂತದು?” ಎಂದರು ಶೆಟ್ರು. “ಹೋಗುದು, ಊಟ ಮಾಡುದು, ಕೂತ್ಕೊಳ್ಳುದು.”

“ಮತ್ತೆ ನೀವು ಬುಕ್ ಮಾಡಿದ್ದೀನಿ ಅಂತ ಹೇಳ್ತಿದ್ರಲ್ಲ?”

“ನಾನಲ್ಲ, ನನ್ನ ಅಪ್ಪ. ಅವರು ಬುಕ್ ಮಾಡಿದ್ದು ಕುರ್ಚಿಯಲ್ಲ ಮಾರಾಯ. ಇಡೀ ಆಟ.”

ನೋಡುವವರಿಗೆ ಖರ್ಚಿಲ್ಲ, ಆಡಿಸುವವರಿಗೆ ಸರದಿ. ಮಗುವಾಗಲಿ ಎಂದೋ, ಕಾಯಿಲೆ ವಾಸಿಯಾಗಲಿ ಎಂದೋ, ವೀಸಾ ಸಿಗಲಿ ಎಂದೋ (ಈಚೆಗೆ ಇದೂ ಕಡಿಮೆಯೇನಲ್ಲ) ದೇವಿಗೆ ಹೇಳಿಕೊಂಡ ಹರಕೆಯ ಬಯಲಾಟ. ದೇವಸ್ಥಾನದ ಕಚೇರಿಗೆ ಹೋಗಿ ಹೆಸರು, ಮನೆ, ಊರು ಬರೆಸಬೇಕು. ಆಮೇಲೆ ಕಾಯಬೇಕು. ಕಟೀಲಿನಲ್ಲಿ ಆರು ಮೇಳಗಳು ಏಕಕಾಲಕ್ಕೆ ಹೊರಟರೂ ಸಾಲದೆ ಏಳನೆಯದೂ ಸೇರಿತು. ಒಂದು ತಿರುಗಾಟಕ್ಕೆ ಸುಮಾರು 180 ರಾತ್ರಿ ಎಂದರೂ ಆರು ಮೇಳದ್ದೇ ಸೇರಿ ವರ್ಷಕ್ಕೆ ಸಾವಿರ ಆಟ ದಾಟುತ್ತದೆ. ಜಗತ್ತಿನ ಯಾವ ನಾಟಕ ಕಂಪನಿ ಇಷ್ಟು ಪ್ರಯೋಗ ಮಾಡಿಯೂ ಗಿರಾಕಿಗಳಿಗೆ ‘ಸ್ವಲ್ಪ ವರ್ಷ ಕಾಯಿರಿ’ ಎನ್ನುತ್ತದೋ ನನಗೆ ಗೊತ್ತಿಲ್ಲ. ಮಂದಾರ್ತಿಯದು ಇನ್ನೂ ಉದ್ದದ ಕತೆ. ಐದು ಮೇಳಗಳಿದ್ದೂ ಅಲ್ಲಿಯ ಕಾಯುವ ಪಟ್ಟಿಯನ್ನು ವರ್ಷಗಳಲ್ಲಲ್ಲ, ದಶಕಗಳಲ್ಲಿ ಎಣಿಸುತ್ತಾರೆ. ಪಟ್ಟಿ ಕರಗಲಿ ಎಂದು ಮಳೆಗಾಲದಲ್ಲೂ ಕ್ಷೇತ್ರದಲ್ಲೇ ಆಟ ಆಡಿಸುವ ಏರ್ಪಾಡು ಬಂತು. ವರ್ಷವರ್ಷವೂ ತಪ್ಪದೆ ಆಡಿಸುವ ಮನೆತನಗಳ ಕಟ್ಟುಕಟ್ಟಳೆ ಆಟಗಳು ಬೇರೆ. ಅವಕ್ಕೆ ದಿನ ಮೊದಲೇ ಮೀಸಲು.

“ತತ್ಕಾಲ್ ಇಲ್ವಾ ಸರ್?” ಎಂದ ಹುಡುಗ. ತಮಾಷೆಗೆ ಕೇಳಿದ್ದು. ಬ್ರಹ್ಮಾವರದವರು ತಮಾಷೆ ಮಾಡದೆ ಯೋಚಿಸತೊಡಗಿದರು.

ಕಾಕ ಕರಕ್‌ನ ಎರಡನೇ ಲೋಟ ಕೈಗೆತ್ತಿಕೊಂಡು, “ಟಿಕೆಟ್ ಇತ್ತಪ್ಪ, ಇಲ್ಲದೆ ಏನು?” ಎಂದು ಶುರುಮಾಡಿದರು. ಅವರು ಕಂಡದ್ದು ಡೇರೆ ಮೇಳಗಳ ಕಾಲ. ಮಧ್ಯಾಹ್ನವೇ ಮೈಕು ಕಟ್ಟಿದ ಜೀಪು ಪೇಟೆಯಲ್ಲಿ ಸುತ್ತುತ್ತ ನೋಟೀಸು ಚೆಲ್ಲುತ್ತಿತ್ತು. ಹುಡುಗರು ಹಿಂದೆಯೇ ಓಡಿ ಆರಿಸುತ್ತಿದ್ದರು. ಗದ್ದೆಯಲ್ಲಿ ಡೇರೆ. ಬೇಲಿಯ ಬಾಗಿಲಲ್ಲಿ ಟಿಕೆಟ್ ಹರಿಯುವವನು. ಹಣವಿದ್ದವರಿಗೆ ಮುಂದೆ ಆರಾಮಕುರ್ಚಿ, ಅದರ ಹಿಂದೆ ಸಾದಾ ಕುರ್ಚಿ, ಮತ್ತೆ ನೆಲ. ಕಾಕ ನೆಲದವರು. ಎಷ್ಟೋ ಸಲ ಅದೂ ಅಲ್ಲ, ಡೇರೆಯ ಅಡಿಯಿಂದ ನುಸುಳಿದವರು. ಸುರತ್ಕಲ್ ಮೇಳದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳದ ತುಳು ಪ್ರಸಂಗಗಳು. ಬಪ್ಪನಾಡು ಕ್ಷೇತ್ರ ಮಹಾತ್ಮೆಯಲ್ಲಿ ಬಪ್ಪ ಬ್ಯಾರಿಯ ಪಾತ್ರ ರಂಗಸ್ಥಳಕ್ಕೆ ಬಂದು ಕಾಕನ ಮನೆಮಾತಾದ ಬ್ಯಾರಿಯಲ್ಲೇ ಮಾತಾಡಿದಾಗ ತಾವೂ ಗೆಳೆಯರೂ ಕೂಗಿದ್ದು ಡೇರೆಯ ಆಚೆಗೂ ಕೇಳಿಸಿತ್ತಂತೆ.

ಬ್ರಹ್ಮಾವರದವರಿಗೆ ಈಗ ಮಾತು ಬಂತು. ಭಾಗವತ ಕಾಳಿಂಗ ನಾವಡರ ಕಾಲದಲ್ಲಿ ಸಾಲಿಗ್ರಾಮ ಮೇಳ ‘ನಾಗಶ್ರೀ’ ಆಡುತ್ತದೆಂದರೆ ಗೇಟಿನಲ್ಲಿ ನೂಕುನುಗ್ಗಲು. ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಅವರ ಹಾಡಿನ ಕ್ಯಾಸೆಟ್‌ಗಳು ಗಲ್ಫಿಗೂ ಬಂದವು. ಮರಳುಗಾಡಿನ ಲೇಬರ್ ಕ್ಯಾಂಪುಗಳಲ್ಲಿ ಟೇಪ್ ಎಳೆದು ಸವೆಯುವ ತನಕ ಓಡಿದವು.

ಆ ಡೇರೆಗಳು ಒಂದೊಂದಾಗಿ ಇಳಿದವು. ತೆಂಕಿನ ಸುರತ್ಕಲ್, ಕರ್ನಾಟಕ ಮೇಳಗಳು ನಿಂತೇಹೋದವು. ಒಂದು ಕಾಲಕ್ಕೆ ಟಿಕೆಟ್ ಮಾರಿದ ಧರ್ಮಸ್ಥಳ ಮೇಳ ಹರಕೆಯಾಟದ ದಾರಿ ಹಿಡಿಯಿತು. ಟಿವಿ ಬಂತು, ಬದುಕಿನ ವೇಗ ಬದಲಾಯಿತು ಎಂದೆಲ್ಲ ಕಾರಣ ಹೇಳುತ್ತಾರೆ, ಸುಳ್ಳಲ್ಲ. ನನಗೆ ಮಾತ್ರ ಬೇರೊಂದು ಸಂಗತಿ ಕೊರೆಯುತ್ತದೆ. ನೆಲದ ಟಿಕೆಟ್ ತೆಗೆದುಕೊಂಡವನ ಕೈಯಲ್ಲಿ ಒಂದು ಅಧಿಕಾರವಿತ್ತು. ಪ್ರಸಂಗ ಹಿಡಿಸದಿದ್ದರೆ ನಾಳೆ ಅವನು ಬರುತ್ತಿರಲಿಲ್ಲ, ಯಜಮಾನನ ಪೆಟ್ಟಿಗೆ ತಗ್ಗುತ್ತಿತ್ತು, ವಾರದೊಳಗೆ ಪ್ರಸಂಗ ಬದಲಾಗುತ್ತಿತ್ತು. ಹರಕೆಯಾಟದಲ್ಲಿ ಕಲಾವಿದನಿಗೆ ಆರು ತಿಂಗಳ ಅನ್ನ ಗಟ್ಟಿ. ಅದು ಸಣ್ಣ ಮಾತಲ್ಲ. ಡೇರೆಯ ಕಾಲದಲ್ಲಿ ಸಂಬಳ ಬಾಕಿ ಉಳಿಸಿಕೊಂಡೇ ಮನೆಗೆ ಹೋದವರು ಎಷ್ಟೋ ಮಂದಿ. ಆದರೆ ಬುಕ್ ಮಾಡಿದವನು ನೋಡಲಿಕ್ಕೆಂದೇ ಬುಕ್ ಮಾಡಿದ್ದಲ್ಲ. ಹೆಚ್ಚಿನ ಮನೆಗಳ ಬಯಕೆ ಶ್ರೀದೇವಿ ಮಹಾತ್ಮೆಯೇ. ಊಟಕ್ಕೆ ಬಂದ ಸಾವಿರ ಜನರಲ್ಲಿ ಹನ್ನೆರಡು ಗಂಟೆಯ ಮೇಲೆ ಕುರ್ಚಿ ಬಿಡದವರು ಎಷ್ಟು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಆಡಿಸುವವರ ಸಾಲು ಉದ್ದವಾದಷ್ಟೂ ನೋಡುವವರ ಸಾಲು ತೆಳ್ಳಗಾಯಿತು ಎಂದು ನಾನು ಹೇಳಿದೆ. ಶೆಟ್ರಿಗೆ ಇಷ್ಟವಾಗಲಿಲ್ಲ.

“ನೋಡುವವರು ಇಲ್ಲಿದ್ದೇವಲ್ಲ,” ಎಂದರು.

ಅದೂ ನಿಜವೇ. ಇಲ್ಲಿಯ ಗಡಿಯಾರ ಊರಿನದಕ್ಕಿಂತ ಎರಡೂವರೆ ಗಂಟೆ ಹಿಂದೆ. ಊರಲ್ಲಿ ಆಟ ಸಾರುವ ಕೇಳಿ ಬಡಿದು ಬಣ್ಣದ ಮನೆಯಲ್ಲಿ ಚೌಕಿಪೂಜೆಯಾಗುವಾಗ ಇಲ್ಲಿ ಇನ್ನೂ ಸಂಜೆ. ಕಚೇರಿ ಮುಗಿಸಿ, ಡಿ ರಿಂಗ್ ರಸ್ತೆಯ ಲುಲುವಿನಲ್ಲಿ ಸಾಮಾನು ಹಿಡಿದುಕೊಂಡು ಮನೆ ಮುಟ್ಟುವ ಹೊತ್ತಿಗೆ ಅಲ್ಲಿ ಪೂರ್ವರಂಗ ಮುಗಿದು ಪ್ರಸಂಗ ಹತ್ತಿರುತ್ತದೆ. ಯಾರೋ ಪುಣ್ಯಾತ್ಮ ನೇರಪ್ರಸಾರ ಹಾಕಿರುತ್ತಾನೆ. ರಾತ್ರಿಯಿಡೀ ಆಡುವ ಆಟವಾದರೆ, ಊರಿನವರು ತೂಕಡಿಸುವ ಎರಡು ಗಂಟೆಗೆ ಇಲ್ಲಿ ಹನ್ನೊಂದೂವರೆ. ದೊಂದಿ ಬೀಸಿಕೊಂಡು, ರಾಳದ ಬೆಂಕಿ ಎಬ್ಬಿಸಿಕೊಂಡು, ಜನರ ನಡುವಿನಿಂದ ಮಹಿಷಾಸುರ ಅಬ್ಬರಿಸಿ ಬರುವುದನ್ನು ನಿದ್ದೆಗಣ್ಣಿಲ್ಲದೆ ನೋಡುವವರು ದೋಹಾದ ಸೋಫಾಗಳಲ್ಲೇ ಹೆಚ್ಚಿರಬಹುದು. ಮಕ್ಕಳು ಮಾತ್ರ ಇದನ್ನು ಫೋನಿನಲ್ಲಿ ನೋಡಿ ಹೆದರುವುದಿಲ್ಲ. ಹೊಗೆಯ ವಾಸನೆ ಬಾರದ ಮಹಿಷಾಸುರನಿಗೆ ಯಾರು ಹೆದರುತ್ತಾರೆ?

2022ರ ತಿರುಗಾಟಕ್ಕೆ ಧ್ವನಿವರ್ಧಕದ ನಿಯಮದಿಂದಾಗಿ ಕಟೀಲು ಮೇಳಗಳಿಗೂ ಕಾಲಮಿತಿ ಬಂದಾಗ ಊರಲ್ಲಿ ಎದ್ದ ಚರ್ಚೆಯ ಅರ್ಧದಷ್ಟು ಈ ಕೋಣೆಯಲ್ಲೂ ಎದ್ದಿತ್ತು. ರಾತ್ರಿಯಿಡೀ ಆಡದಿದ್ದರೆ ಅದು ಸೇವೆಯೇ ಅಲ್ಲ ಎಂದು ಶೆಟ್ರು. ಬೆಳಿಗ್ಗೆ ಕೆಲಸಕ್ಕೆ ಹೋಗುವವರೂ ಕೊನೆ ತನಕ ನೋಡಲಿ ಬಿಡಿ ಎಂದು ಅವರ ಮನೆಯವರು. ಇಬ್ಬರ ರಾಜಿ ಇನ್ನೂ ಆಗಿಲ್ಲ.

ಇಲ್ಲಿಯೂ ರಂಗ ಇಲ್ಲವೆಂದಲ್ಲ. ಇಂಡಿಯನ್ ಕಲ್ಚರಲ್ ಸೆಂಟರ್‌ನ ಅಶೋಕ ಹಾಲ್ ಉಂಟು, ಕರ್ನಾಟಕ ಸಂಘವೂ ತುಳುಕೂಟವೂ ಉಂಟು, ರಾಜ್ಯೋತ್ಸವದ ತಿಂಗಳಲ್ಲಿ ಬಣ್ಣ ಹಚ್ಚುವವರಿಗೆ ಬರವಿಲ್ಲ. ಅಲ್ಲಿಗೆ ಬೇಕಾದದ್ದು ಟಿಕೆಟಿಗಿಂತ ಪರಿಚಯ. “ಎರಡು ಪಾಸ್ ಇಡಿ, ಅತ್ತೆ ಬಂದಿದ್ದಾರೆ,” ಎಂದರೆ ಕೆಲಸ ಆಯಿತು. ಒಂದನೇ ಸಾಲು ಗಣ್ಯರಿಗೆ, ಎರಡನೆಯದು ಪಾತ್ರಧಾರಿಗಳ ಮನೆಯವರಿಗೆ. ಹುಡುಗನಿಗೆ ಇದು ಅರ್ಥವಾಗುತ್ತದೆ, ಬೆಂಗಳೂರಿನ ಹವ್ಯಾಸಿ ತಂಡಗಳಲ್ಲೂ ಹೀಗೇ.

ಆ ಗುರುವಾರದ ನಿಜವಾದ ಸುದ್ದಿಯನ್ನು ಶೆಟ್ರು ಪಟ್ಟಿಯ ಗದ್ದಲವೆಲ್ಲ ಇಳಿದ ಮೇಲೆ ಹೊರಗಿಟ್ಟರು. ಅಪ್ಪ ಬರೆಸಿದ ಆಟಕ್ಕೆ ದಿನ ಸಿಕ್ಕಿದೆ. ಮಾರ್ಚ್‌ನಲ್ಲಿ. ಬರೆಸಿದಾಗ ಶೆಟ್ರಿಗೆ ಇನ್ನೂ ಮದುವೆಯಾಗಿರಲಿಲ್ಲ. ಬರೆಸಿದವರು ಈಗ ಇಲ್ಲ. ಊರಿಂದ ತಮ್ಮ ಫೋನ್ ಮಾಡಿದ್ದ, ಹೆಸರು ಬದಲಿಸುವುದೋ ಅಪ್ಪನ ಹೆಸರಲ್ಲೇ ಆಡಿಸುವುದೋ ಎಂದು ಕೇಳಲಿಕ್ಕೆ. ಅಪ್ಪನದೇ ಇರಲಿ ಎಂದಿದ್ದರು ಇವರು.

ಕೋಣೆ ಒಮ್ಮೆಲೇ ಕಚೇರಿಯಾಯಿತು. ಕಾಕ ಪೆನ್ನು ಹಿಡಿದರು. ಮೇಳಕ್ಕೆ ಕಟ್ಟುವ ಹಣ ಒಂದು ಕಡೆಗಿರಲಿ, ಅದಕ್ಕಿಂತ ಶಾಮಿಯಾನ, ದೀಪ, ಊಟದ್ದೇ ದೊಡ್ಡ ಬಾಬ್ತು. ಗದ್ದೆ ಯಾರದು? ನಮ್ಮದರಲ್ಲಿ ಈಗ ಅಡಿಕೆ, ಹಾಗಾಗಿ ಶಾಲೆಯ ಮೈದಾನ. ದೇವರ ಪೆಟ್ಟಿಗೆಯ ಮೆರವಣಿಗೆ ಎಲ್ಲಿಂದ? ಭಜನಾ ಮಂದಿರದಿಂದ. ಎಷ್ಟು ಎಲೆ? ಎರಡು ಸಾವಿರ ಅಂದಾಜು ಹಾಕಿ, ಉಳಿದರೆ ಉಳಿಯಲಿ. ಚರುಮುರಿ, ಐಸ್‌ಕ್ರೀಮ್ ಗಾಡಿಗಳು ಕರೆಯದೆಯೇ ಬರುತ್ತವೆ. ಬ್ರಹ್ಮಾವರದವರು ಮಂಗಳೂರಿಗೆ ವಿಮಾನದ ದರ ನೋಡಿ ಹೇಳಿದರು. ಐದು ಟಿಕೆಟಿನ ಮೊತ್ತ ಕೇಳಿ ಶೆಟ್ರ ಮನೆಯವರು ಅಡುಗೆಮನೆಯಿಂದ ಹೊರಗೇ ಬಂದರು.

“ಈಗಲೇ ಮಾಡಿ. ನಾಳೆ ಇನ್ನೂ ಏರ್ತದೆ.”

“ರಜೆ ಸಿಗಲಿ ಮಾರಾಯ್ತಿ ಮೊದಲು.”

ಹುಡುಗ ತಾನೂ ಬರುತ್ತೇನೆಂದ. ರಜೆಗೆ ಮನೆಗೆ ಹೋಗಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದರೆ ಆಯಿತಲ್ಲ. ಎಷ್ಟು ಗಂಟೆಗೆ ಒಳಗಿರಬೇಕು ಎಂದು ಕೇಳಿದ. ಯಾವಾಗ ಬೇಕಾದರೂ ಬಾ, ನಿದ್ದೆ ಬಂದರೆ ಅಲ್ಲೇ ಮಲಗು, ಮಹಿಷಾಸುರ ಬರುವಾಗ ಎಬ್ಬಿಸುತ್ತೇವೆ ಎಂದರು ಕಾಕ. ತಾವೂ ಆಗ ಊರಲ್ಲೇ ಇರುವಂತೆ ರಜೆ ಹೊಂದಿಸಿಕೊಳ್ಳುವುದನ್ನು ಅವರು ಮೊದಲೇ ತೀರ್ಮಾನಿಸಿದ ಹಾಗಿತ್ತು.

ಶೆಟ್ರು ಕಂಪನಿಯ ರಜೆ ಅರ್ಜಿಯನ್ನು ಫೋನಿನಲ್ಲಿ ತೆರೆದರು. ತಾರೀಕು ತುಂಬಿದರು. ಆಮೇಲೆ ಕಾರಣ ಬರೆಯುವ ಚೌಕದ ಮುಂದೆ ನಿಂತರು.

“ಇದಕ್ಕೆ ಎಂತ ಬರೆಯುದು? ಮ್ಯಾನೇಜರ್ ಈಜಿಪ್ಟಿನವ.”

“ತಂದೆಯ ಕಾರ್ಯಕ್ರಮ ಅಂತ ಬರೆಯಿರಿ,” ಎಂದರು ಅವರ ಮನೆಯವರು. “ಸುಳ್ಳೇನಲ್ಲವಲ್ಲ. ಒಂದು ವಾರ ಸಾಲದು, ಹತ್ತು ದಿನ ಹಾಕಿ.”