ಕೊಕ್ಕರೆ ರೋಗದ ವಿಷಾಣುವಿನಲ್ಲಿ ಪಾಠಾಂತರ

ಬಾಗಲೂರಿನ ಸೀಮೆಯಲ್ಲಿ ಕೋಳಿ ಸಾಕುವವರು ಅಂಜುವ ಕೊಕ್ಕರೆ ರೋಗವೇ ಶಾಸ್ತ್ರಜ್ಞರ ರಾಣಿಖೇತ್ ರೋಗವು. 1926ರಲ್ಲಿ ಜಾವಾದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಇದು ಗೋಚರವಾಗಿ, ಸ್ವಲ್ಪಕಾಲದಲ್ಲಿಯೇ ಹಿಮಾಲಯದ ತಪ್ಪಲಿನ ರಾಣಿಖೇತಿನಲ್ಲಿ ಕಂಡುದರಿಂದ ನಮ್ಮಲ್ಲಿ ಆ ಹೆಸರು ನಿಂತಿತು.

ಇದರ ವಿಷಾಣುವು ಕೋಳಿಯ ಜೀವಕೋಶದೊಡನೆ ಬೆಸೆದುಕೊಳ್ಳುವುದು ಎಫ್ ಎಂಬ ಸಸಾರಜನಕದಿಂದ. 553 ಅಮೈನೋ ಆಮ್ಲಗಳನ್ನು ಅಕ್ಷರಗಳಂತೆ ಪೋಣಿಸಿದ ಈ ಮಾಲೆಯು 116ನೆಯ ಸ್ಥಾನದ ಬಳಿಕ ತುಂಡಾದಲ್ಲದೆ ಕೆಲಸಕ್ಕೆ ಬಾರದು. ಸೌಮ್ಯವಾದ ವಿಷಾಣುಗಳಲ್ಲಿ ಅಲ್ಲಿಯ ಅಕ್ಷರಗಳನ್ನು ಶ್ವಾಸನಾಳ, ಕರುಳುಗಳ ಕಿಣ್ವಗಳು ಮಾತ್ರ ಕತ್ತರಿಸಬಲ್ಲವು. ಉಗ್ರವಾದವುಗಳಲ್ಲಿಯಾದರೋ ಆರ್ಜಿನೈನ್, ಲೈಸೀನ್‌ಗಳು ಒತ್ತಾಗಿ ಸೇರಿರುವುದರಿಂದ ಎಲ್ಲ ಅಂಗಗಳಲ್ಲಿಯೂ ಇರುವ ಫ್ಯೂರಿನ್ ಕಿಣ್ವವೇ ಸಾಕು. ರೋಗವು ಮಿದುಳಿಗೂ ವ್ಯಾಪಿಸುವುದು.

ಓಲೆಗರಿಯ ಲಿಪಿಕಾರನಂತೆ ವಿಷಾಣುವಿನ ನಕಲು ಮಾಡುವ ಕಿಣ್ವವೂ ತಪ್ಪುವುದುಂಟು. ತಿದ್ದುವ ಶಕ್ತಿ ಅದಕ್ಕಿಲ್ಲ. 1998ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಎದ್ದ ಮಾರಿಯನ್ನು ಪರೀಕ್ಷಿಸಲಾಗಿ, ಅದು ಹೊರಗಿನಿಂದ ಬಂದುದಲ್ಲ, ಅಲ್ಲಿಯೇ ಇದ್ದ ಸೌಮ್ಯ ವಿಷಾಣುವಿನ ಸಂತತಿಯೆಂದು ತಿಳಿದುಬಂದಿತು. ಅನುವಂಶದ ಲಿಪಿಯಲ್ಲಿ ಎರಡೇ ಅಕ್ಷರಗಳ ವ್ಯತ್ಯಾಸದಿಂದ ಗ್ಲೈಸೀನ್ ಇದ್ದೆಡೆ ಆರ್ಜಿನೈನ್, ಲ್ಯೂಸೀನ್ ಇದ್ದೆಡೆ ಫಿನೈಲಲನೀನ್ ಬಂದಿದ್ದುವು.

ಹಾಗೆಂದು ಈ ಒಂದು ಪಾಠದಿಂದಲೇ ಉಗ್ರತೆಯನ್ನು ನಿರ್ಣಯಿಸುವುದು ಸಾಹಸ. ಮುಕ್ತೇಶ್ವರದಲ್ಲಿ ಸಿದ್ಧವಾದ ಆರ್2ಬಿ ಎಂಬ ಲಸಿಕೆಯ ವಿಷಾಣುವಿನಲ್ಲಿಯೂ ಉಗ್ರಪಾಠವೇ ಇರುವುದು. ಆದರೂ ಬೆಳೆದ ಕೋಳಿ ಅದನ್ನು ತಾಳುವುದು, ಎಳೆಯ ಮರಿ ತಾಳದು. ಆದುದರಿಂದಲೇ ಮರಿಗೆ ಮೊದಲು ಲಸೋಟದಂತಹ ಸೌಮ್ಯ ಲಸಿಕೆಯ ಹನಿಯನ್ನು ಹಾಕಿ, ಆರೆಂಟು ವಾರಗಳ ಮೇಲೆ ಆರ್2ಬಿಯನ್ನು ಚುಚ್ಚುವ ಕ್ರಮವು ಬಂದಿದೆ.